ಗುಂಡುಕಲ್ಲಪ್ಪನವರ ಸ್ವರಪರೀಕ್ಷೆ

ಲಕೋಟೆ ಕಾರ್ಖಾನೆಯ ಮೇಲ್ವಿಚಾರಕರಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅವರು 'ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ' ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಓಡಾಡಿದ್ದರಿಂದ ಕಾರ್ಖಾನೆಯವರು ಅವರನ್ನು ಬೆನ್ನ ಹಿಂದೆ ಗುಂಡುಕಲ್ಲಪ್ಪ ಎನ್ನತೊಡಗಿದರು. ಬರಬರುತ್ತಾ ಮುಖದ ಮುಂದೆಯೂ ಅಂದರು. ಅವರು ಅದನ್ನು ಬಿರುದೆಂದೇ ತಿಳಿದು ಸಂತೋಷಪಟ್ಟರು.

ಕಾಯಿಲೆಯೆಂದು ಒಂದು ದಿನವೂ ರಜೆ ಹಾಕದೆ ಇದ್ದದ್ದು ಅವರ ಜೀವಮಾನದ ಸಾಧನೆ. ಬೇರೆ ಸಾಧನೆ ಇಲ್ಲದ್ದರಿಂದ ಇದರ ಮೇಲೆ ಅವರಿಗೆ ಅಕ್ಕರೆ ಹೆಚ್ಚು. ನೆಗಡಿ ಬಂದರೆ ಧೂಳು ಎನ್ನುತ್ತಿದ್ದರು. ಜ್ವರ ಬಂದರೆ ಸೆಕೆ ಎನ್ನುತ್ತಿದ್ದರು. ಒಮ್ಮೆ ಕಾಲು ಉಳುಕಿ ಕುಂಟುತ್ತಿದ್ದಾಗ ಹೊಸ ಚಪ್ಪಲಿಯ ಮೇಲೆ ತಪ್ಪು ಹೊರಿಸಿ, ಆ ಚಪ್ಪಲಿಯನ್ನು ಅಂಗಡಿಗೆ ವಾಪಸು ಕೊಟ್ಟು ಜಗಳವಾಡಿ ಬಂದಿದ್ದರು.

ಆ ಸಲ ಒಂದು ಬ್ಯಾಂಕಿನವರು ಕಾರ್ಖಾನೆಗೆ ಒಳಗಿನ ವಿಳಾಸ ಕಾಣುವ ಕಿಟಕಿ ಲಕೋಟೆಗಳ ದೊಡ್ಡ ಆರ್ಡರ್ ಕೊಟ್ಟರು. ಆರ್ಡರ್ ಬಂದದ್ದೇ ತಡ, ಅರ್ಧ ಜನರಿಗೆ ಮೈ ಸರಿಯಿಲ್ಲದೆ ಹೋಯಿತು. ಒಬ್ಬರಿಗೆ ಹೊಟ್ಟೆನೋವು, ಒಬ್ಬರಿಗೆ ತಲೆಸುತ್ತು, ಇನ್ನೊಬ್ಬರಿಗೆ ಏನಾಗಿದೆಯೆಂದು ಅವರಿಗೇ ಗೊತ್ತಿಲ್ಲ. ಮ್ಯಾನೇಜರು ಎಲ್ಲ ವಿಭಾಗದ ಮುಖ್ಯಸ್ಥರನ್ನೂ ತಮ್ಮ ಕೋಣೆಗೆ ಕರೆಸಿದರು. ಈ ಮ್ಯಾನೇಜರು ತೆಳ್ಳಗಿನ ಮನುಷ್ಯ. ಚಿಂತೆ ಹತ್ತಿದರೆ ಪೆನ್ನಿನ ತುದಿ ಕಡಿಯುವವರು. ಅಂದು ಅವರ ಪೆನ್ನು ಗುರುತು ಸಿಗುವಂತಿರಲಿಲ್ಲ.

"ನಿಜವಾಗ್ಲೂ ಹುಷಾರಿಲ್ಲದವರಿಗೆ ರಜೆ ಇಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಯಾವುದು ನಿಜ, ಯಾವುದು ನಾಟಕ ಅಂತ ತಿಳಿಯೋದು ಹೇಗೆ? ಕಾರ್ಖಾನೆ ಯಜಮಾನಿಯವರು ದಿನಾ ಕೇಳ್ತಾರೆ. ಎಲ್ಲರಿಗೂ ಒಂದೇ ನ್ಯಾಯ ಇರ್ಬೇಕಂತೆ."

ಎಲ್ಲರೂ ತಮ್ಮ ತಮ್ಮ ಉಗುರು ನೋಡಿಕೊಂಡರು. ಗುಂಡುಕಲ್ಲಪ್ಪನವರು ಮಾತ್ರ ಗಂಟಲು ಸರಿಮಾಡಿಕೊಂಡರು.

"ಸಾರ್, ಕಾಯಿಲೆ ಅನ್ನೋದು ಸ್ವರದಲ್ಲೇ ಗೊತ್ತಾಗುತ್ತೆ. ನಿಜವಾದ ಹೊಟ್ಟೆನೋವಿನ ಮಾತು ಕೆಳಗಿಂದ ಬರುತ್ತೆ. ಸುಳ್ಳು ಹೊಟ್ಟೆನೋವಿನ ಮಾತು ಮೂಗಿಂದ ಬರುತ್ತೆ. ಫೋನಲ್ಲಿ ಎರಡು ಮಾತು ಕೇಳಿದ್ರೆ ಸಾಕು, ನಾನು ಹೇಳಿಬಿಡ್ತೀನಿ."

ಈ ವಿಚಾರ ಅವರ ತಲೆಗೆ ಬಂದದ್ದು ಅದನ್ನು ಹೇಳುತ್ತಿದ್ದಾಗಲೇ. ಹೇಳಿ ಮುಗಿಸುವ ಹೊತ್ತಿಗೆ ಅವರಿಗೇ ಅದರಲ್ಲಿ ಪೂರ್ತಿ ನಂಬಿಕೆ ಹುಟ್ಟಿತ್ತು. ಮ್ಯಾನೇಜರು ಪೆನ್ನನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟರು.

"ಎದ್ದು ನಿಂತ್ಕೊಳ್ಳಿ. ಸೋಮವಾರದಿಂದ ನಿಮ್ಮದೇ ಜವಾಬ್ದಾರಿ. ಹುಷಾರಿಲ್ಲದವರು ಗಂಟೆ ಹೊಡೆಯೋಕೆ ಮುಂಚೆ ನಿಮಗೇ ಫೋನ್ ಮಾಡ್ಬೇಕು. ಅವರೇ ಮಾಡ್ಬೇಕು, ಮನೆಯವರು ಮಾಡೋ ಹಾಗಿಲ್ಲ. ನೀವು ಕೇಳಿ, ತೀರ್ಮಾನ ಮಾಡಿ."

ಶನಿವಾರ ಗುಂಡುಕಲ್ಲಪ್ಪನವರು ಈ ಹೊಸ ನಿಯಮವನ್ನು, ಮೂಗಿನ ಮಾತಿನ ಗುಟ್ಟಿನ ಸಮೇತ, ಸಾರಿದರು. ಆರ್ಡರಿನ ಅವಸರಕ್ಕೆ ಯಂತ್ರ ನಿಲ್ಲಿಸುವಂತಿರಲಿಲ್ಲ. ಹಾಗಾಗಿ ಒಂದು ಸ್ಟೂಲನ್ನು ಎತ್ತಿಕೊಂಡು ಹೋಗಿ, ಕತ್ತರಿಸುವ ಯಂತ್ರದ ಪಕ್ಕ ಒಮ್ಮೆ, ಅಚ್ಚು ಹೊಡೆಯುವ ಯಂತ್ರದ ಪಕ್ಕ ಒಮ್ಮೆ, ಅಂಟಿನ ಮೇಜಿನ ಹತ್ತಿರ ಒಮ್ಮೆ ನಿಂತು, ಯಂತ್ರಕ್ಕಿಂತ ಜೋರಾಗಿ ಕೂಗಿದರು. ಭಾನುವಾರ ಮನೆಯಲ್ಲಿ ಅಭ್ಯಾಸ ಮಾಡಿದರು. ಹೆಂಡತಿ ಅಡುಗೆಮನೆಯಿಂದ ರೋಗಿಯಾಗಬೇಕು, ಇವರು ಹೊರಗಿನಿಂದ ಪ್ರಶ್ನೆ ಕೇಳಬೇಕು.

"ಹಲೋ, ನನಗೆ ತಲೆನೋವು," ಎಂದರು ಹೆಂಡತಿ, ಪಾತ್ರೆ ಉಜ್ಜುತ್ತಾ.

"ಯಾವಾಗಿನಿಂದ?" ಇವರು ಗುಡುಗಿದರು.

"ಮದುವೆ ಆದಾಗಿನಿಂದ."

"ಅದಕ್ಕೆ ರಜೆ ಇಲ್ಲ!"

ಹೀಗೆ ಸಂಜೆಯವರೆಗೆ ನಡೆಯಿತು. ಸಂಜೆಗೆ ಅತ್ತೆ ಬಂದಿಳಿದರು. ಅವರ ಎದುರಿಗೂ ಒಂದು ಸುತ್ತು ಗುಡುಗಿ ತೋರಿಸಿ ಗುಂಡುಕಲ್ಲಪ್ಪನವರು ಮಲಗಿದರು.

ಸೋಮವಾರ ಬೆಳಿಗ್ಗೆ ಎದ್ದು "ಕಾಫಿ" ಎನ್ನಲು ಬಾಯಿ ತೆರೆದರು. ಸೈಕಲ್ ಟ್ಯೂಬಿನ ಗಾಳಿ ಬಿಟ್ಟ ಹಾಗೆ ಬರೀ ಉಸಿರು ಬಂತು. ಇನ್ನೊಮ್ಮೆ ಪ್ರಯತ್ನಿಸಿದರು. ಉಸಿರೂ ನಿಂತು ನಿಂತು ಬಂತು. ಅಷ್ಟರಲ್ಲಿ ಅತ್ತೆ ಎದುರಿಗೆ ಬಂದರು.

"ಅಳಿಯಂದಿರೇ, ಚೆನ್ನಾಗಿ ನಿದ್ದೆ ಬಂತಾ?"

ಗುಂಡುಕಲ್ಲಪ್ಪನವರು ವಿನಯದಿಂದ ನಕ್ಕು, ಬೆರಳಿನಿಂದ ಕುತ್ತಿಗೆ ತೋರಿಸಿದರು. ಅತ್ತೆಯ ಮುಖ ಸಣ್ಣಗಾಯಿತು. ಒಳಗೆ ಹೋಗಿ ಮಗಳಿಗೆ ಹೇಳಿದರು:

"ನೋಡೇ, ನಾನು ಬಂದಿದ್ದು ಅವರಿಗೆ ಕುತ್ತಿಗೆಗೆ ಬಂದಿದೆಯಂತೆ. ಬೆರಳು ಇಟ್ಟು ತೋರಿಸಿದ್ರು. ಬಾಯಿ ಬಿಟ್ಟು ಹೇಳಿದ್ರೂ ನಾನು ಬೇಜಾರು ಮಾಡ್ಕೋತಿರ್ಲಿಲ್ಲ."

ಹೆಂಡತಿ ಬಂದು ಗಂಡನ ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ನೋಡಿದರು. "ಒಳಗೆ ಕೆಂಡದ ಹಾಗಿದೆ ರೀ. ಒಂದು ದಿನ ರಜೆ ಹಾಕಿ. ಡಾಕ್ಟರ ಹತ್ರ ಹೋಗೋಣ."

ಗುಂಡುಕಲ್ಲಪ್ಪನವರು ಗಾಬರಿಯಿಂದ ತಲೆಯಾಡಿಸಿದರು. ರಜೆ! ಅದೂ ಇವತ್ತು! ನಿಯಮ ಶುರುವಾಗುವ ದಿನವೇ ನಿಯಮ ಮಾಡಿದವನಿಗೆ ಕಾಯಿಲೆ ಎಂದರೆ ಕಾರ್ಖಾನೆಯವರು ವರ್ಷಪೂರ್ತಿ ನಗುತ್ತಾರೆ. ಅಲ್ಲದೆ ನಿಯಮದಲ್ಲಿ ಒಂದು ತೊಡಕೂ ಇತ್ತು. ಹುಷಾರಿಲ್ಲದವರು ಗುಂಡುಕಲ್ಲಪ್ಪನವರಿಗೆ ಫೋನ್ ಮಾಡಬೇಕು. ಗುಂಡುಕಲ್ಲಪ್ಪನವರಿಗೇ ಹುಷಾರಿಲ್ಲದಿದ್ದರೆ ಅವರು ಯಾರಿಗೆ ಮಾಡಬೇಕು? ಇದನ್ನು ಯಾರೂ ಯೋಚಿಸಿರಲಿಲ್ಲ. ಅವರು ಉಪ್ಪುನೀರು ಮುಕ್ಕಳಿಸಿ, ಕುತ್ತಿಗೆಗೆ ಮಫ್ಲರ್ ಸುತ್ತಿ, ಅದು ಕಾಣದಂತೆ ಅಂಗಿಯ ಕಾಲರು ಎತ್ತಿ ಹೊರಟೇಬಿಟ್ಟರು.

ಗೇಟಿನ ಹತ್ತಿರ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ತರರು ಎದುರಾದರು. "ಏನು, ಅತ್ತೆ ಬಂದ ಹಾಗಿದೆ?" ಎಂದರು. ಇವರು ಮಾತಿಲ್ಲದೆ ಕೈಮುಗಿದು ಮುಂದೆ ಹೋದರು. "ಪಾಪ, ಬಂದು ಒಂದು ದಿನ ಆಗಿಲ್ಲ, ಮನುಷ್ಯ ಮಾತೇ ಬಿಟ್ಟಿದ್ದಾನೆ," ಎಂದು ಪೋಸ್ಟ್‌ಮಾಸ್ತರರು ತಮ್ಮ ಹೆಂಡತಿಗೆ ವರದಿ ಒಪ್ಪಿಸಿದರು.

ಕಾರ್ಖಾನೆಯಲ್ಲಿ ಗುಂಡುಕಲ್ಲಪ್ಪನವರ ಮೇಜು ಇದ್ದದ್ದು ಅಚ್ಚು ಹೊಡೆಯುವ ಯಂತ್ರದ ಮಗ್ಗುಲಲ್ಲಿ. ನಡುವೆ ಎದೆಮಟ್ಟದ ಹಲಗೆ. ಮುಂಜಾನೆ ಪಾಳಿಯ ಅಚ್ಚಿನ ಯಂತ್ರ ಆಗಲೇ ಧಡ್ ಧಡ್ ಎನ್ನುತ್ತಿತ್ತು. ಅವರು ಕುರ್ಚಿಯಲ್ಲಿ ಕೂತು, ಮೇಜಿನ ಮೇಲಿನ ಫೋನನ್ನು, ಅದು ಕಚ್ಚುತ್ತದೇನೋ ಎಂಬಂತೆ ನೋಡುತ್ತಿದ್ದರು. ದೇವರೇ, ಇವತ್ತು ಎಲ್ಲರೂ ಆರೋಗ್ಯವಾಗಿರಲಿ!

ಫೋನು ಬಡಕೊಂಡಿತು. ಪ್ಯಾಕಿಂಗ್ ವಿಭಾಗದವನು.

"ಸಾರ್ ನಮಸ್ಕಾರ. ರಾತ್ರಿಯಿಂದ ಹೊಟ್ಟೆನೋವು ಸಾರ್."

ಗುಂಡುಕಲ್ಲಪ್ಪನವರು ಬಾಯಿ ತೆರೆದರು, ಮುಚ್ಚಿದರು.

"ಹಲೋ? ಸಾರ್? ... ರಾತ್ರಿಯಿಂದ ಅಂದ್ರೆ ಪೂರ್ತಿ ರಾತ್ರಿಯಿಂದ ಅಲ್ಲ. ಬೆಳಗ್ಗೆಯಿಂದ."

ಮೌನ. ಧಡ್, ಧಡ್.

"ಹೊಟ್ಟೆ ಅಂದ್ರೆ ಪೂರ್ತಿ ಹೊಟ್ಟೆ ಅಲ್ಲ ಸಾರ್. ಒಂದು ಪಕ್ಕ ... ಸಾರ್, ಮೂಗಿಂದ ಮಾತಾಡ್ತಿದ್ದೀನಾ? ... ಸರಿ ಸಾರ್, ನಿಮ್ಮ ಹತ್ರ ಮುಚ್ಚಿಡೋಕಾಗಲ್ಲ. ಭಾವಮೈದ ಬಂದಿದ್ದಾನೆ. ಕೆರೆಗೆ ಮೀನು ಹಿಡಿಯೋಕೆ ಹೋಗೋಣ ಅಂದ. ಬುತ್ತಿನೂ ಕಟ್ಟಿ ಆಗಿತ್ತು. ಈಗ್ಲೇ ಬರ್ತೀನಿ ಸಾರ್, ಮ್ಯಾನೇಜರಿಗೆ ಮಾತ್ರ ಹೇಳ್ಬೇಡಿ."

ಫೋನು ಇಟ್ಟಮೇಲೆ ಗುಂಡುಕಲ್ಲಪ್ಪನವರು ಹಣೆ ಒರೆಸಿಕೊಂಡರು. ಒಂದು ಗಂಡಾಂತರ ಕಳೆಯಿತು ಎನ್ನುವಷ್ಟರಲ್ಲಿ ಮತ್ತೆ ಗಂಟೆ. ಈ ಬಾರಿ ಕಾಗದ ಕತ್ತರಿಸುವ ಯಂತ್ರದವನು. ಎಲ್ಲರೂ ಅವನನ್ನು ಕತ್ತರಿಯಣ್ಣ ಎನ್ನುತ್ತಿದ್ದರು. ಸೋಮವಾರ ಬಂತೆಂದರೆ ಅವನಿಗೆ ಏನಾದರೊಂದು ಕಾಯಿಲೆ ಬರುತ್ತಿತ್ತು.

"ಬೆನ್ನುನೋವು ಸಾರ್."

ಮೌನ.

"ಸಾರ್ ... ನನಗೆ ಗೊತ್ತು, ಸೋಮವಾರ ಬಂದ್ರೆ ಇವನಿಗೆ ಶುರು ಅಂತ ನೀವು ಅಂದ್ಕೊಂಡಿದ್ದೀರಿ." ಅವನ ಸ್ವರ ಇಳಿಯಿತು. "ಬೆನ್ನು ನಂದಲ್ಲ ಸಾರ್. ಅಪ್ಪನಿಗೆ ಮೂತ್ರಪಿಂಡ ಕೆಟ್ಟಿದೆ. ಸೋಮವಾರ ಆಸ್ಪತ್ರೆಗೆ ಕರ್ಕೊಂಡು ಹೋಗಿ ರಕ್ತ ಶುದ್ಧಿ ಮಾಡಿಸ್ಬೇಕು. ಮೆಟ್ಟಿಲು ಇಳಿಸೋಕೆ ನಾನೇ ಬೇಕು. ಅಪ್ಪನ ಕಾಯಿಲೆಗೆ ರಜೆ ಇಲ್ಲ ಅಂತ ಹಿಂದೆ ಹೇಳಿದ್ರು. ಅದಕ್ಕೆ ನಂದು ಅಂತ ಹೇಳ್ತಿದ್ದೆ ... ಆಯ್ತು ಸಾರ್. ಅರ್ಥ ಆಯ್ತು. ಪಕ್ಕದವರನ್ನ ಕೇಳ್ಕೊಂಡು ಬರ್ತೀನಿ."

"ಬೇಡ, ಹೋಗು" ಎಂದು ಗುಂಡುಕಲ್ಲಪ್ಪನವರು ಉಸಿರೆಲ್ಲ ಕೂಡಿಸಿ ಹೇಳಿದರು. ಅಚ್ಚಿನ ಯಂತ್ರ ಅದನ್ನು ಅಲ್ಲೇ ನುಂಗಿತು. ಆ ಕಡೆ ಫೋನು ಇಟ್ಟಾಗಿತ್ತು.

ಗುಂಡುಕಲ್ಲಪ್ಪನವರು ಎದ್ದು ಹೋಗಿ ಮ್ಯಾನೇಜರಿಗೆ ಹೇಳಿಬಿಡಲೇ ಎಂದು ಅರ್ಧ ಎದ್ದರು. ಫೋನು ಮೂರನೆಯ ಸಲ ಬಡಕೊಂಡಿತು.

ಅಂಟಿನ ಮೇಜಿನ ಹಿರಿಯಳು, ಎಲ್ಲರ ಅಂಟಕ್ಕ. ಲಕೋಟೆಯ ಅಂಚಿಗೆ ಅಂಟು ಎಳೆಯುವುದರಲ್ಲಿ ಅವಳಷ್ಟು ಚುರುಕು ಯಾರೂ ಇರಲಿಲ್ಲ. ಸುಳ್ಳು ಹೇಳುವುದಕ್ಕೆ ಅವಳಿಗೆ ಪುರುಸೊತ್ತೂ ಇರಲಿಲ್ಲ.

"ಸಾರ್, ಬಲಗಡೆ ಹೊಟ್ಟೆ ಹಿಡ್ಕೊಂಡಿದೆ. ಜ್ವರ, ವಾಂತಿ. ಡಾಕ್ಟ್ರು ಮಾತ್ರೆ ಕೊಟ್ಟು ಅಲ್ಲಾಡದೆ ಮಲಗಿ ಅಂದಿದ್ದಾರೆ. ಕಡಿಮೆ ಆಗದಿದ್ರೆ ಮಧ್ಯಾಹ್ನ ದೊಡ್ಡಾಸ್ಪತ್ರೆಗೆ ಹೋಗ್ಬೇಕಂತೆ. ನಾನೇ ಮಾತಾಡ್ಬೇಕು ಅಂದ್ರಲ್ಲ, ಅದಕ್ಕೆ ಎದ್ದು ಅಂಗಡಿವರೆಗೂ ಬಂದು ಮಾಡ್ತಿದ್ದೀನಿ."

ಮಾತು ಕೆಳಗಿನಿಂದಲೇ ಬರುತ್ತಿತ್ತು. ಗುಂಡುಕಲ್ಲಪ್ಪನವರಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. ಅವರು ಫೋನನ್ನು ಬಾಯಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಹೊಟ್ಟೆಯ ಬಲವನ್ನೆಲ್ಲ ಹಾಕಿ "ಮಲಗಿಕೊಳ್ಳಮ್ಮ" ಎಂದರು.

ಆ ತುದಿಗೆ ತಲುಪಿದ್ದು "ಬುಸ್ಸ್" ಎಂಬ ಒಂದು ಸದ್ದು.

"ಇಷ್ಟು ವರ್ಷ ದುಡಿದಿದ್ದಕ್ಕೆ ಬುಸ್ ಅಂತೀರಾ ಸಾರ್. ಆಯ್ತು. ಬರ್ತೀನಿ," ಎಂದು ಅಂಟಕ್ಕ ಫೋನು ಇಟ್ಟುಬಿಟ್ಟಳು.

ಗಂಟೆ ಹೊಡೆಯಿತು. ಮ್ಯಾನೇಜರು ಒಂದು ಸುತ್ತು ಬಂದರು. ಕತ್ತರಿಯ ಯಂತ್ರದಲ್ಲಿ ಕತ್ತರಿಯಣ್ಣ, ಪ್ಯಾಕಿಂಗಿನಲ್ಲಿ ಪ್ಯಾಕಿಂಗಿನವನು, ಎಲ್ಲ ಜಾಗವೂ ಭರ್ತಿ; ಅಂಟಿನ ಮೇಜಿನಲ್ಲಿ ಹೆಂಗಸರ ನಡುವೆ ಖಾಲಿಯಿದ್ದ ಒಂದೇ ಒಂದು ಜಾಗ ಅವರ ಕಣ್ಣಿಗೆ ಬೀಳಲಿಲ್ಲ. ಅವರು ತಮ್ಮ ಕಣ್ಣನ್ನು ತಾವೇ ನಂಬದೆ ಇನ್ನೊಂದು ಸುತ್ತು ಬಂದರು.

"ಸೋಮವಾರ! ಎಲ್ಲರೂ ಬಂದಿದ್ದಾರೆ! ಏನು ಹೇಳಿದ್ರಿ ಇವರಿಗೆ?"

ಗುಂಡುಕಲ್ಲಪ್ಪನವರು ಕೈಯಾಡಿಸಿ, ಏನೂ ಇಲ್ಲ ಎಂದು ಸನ್ನೆ ಮಾಡಿದರು.

ಪ್ಯಾಕಿಂಗಿನವನು ದೂರದಿಂದಲೇ ಹೇಳಿದ: "ಏನೂ ಹೇಳಲ್ಲ ಸಾರ್ ಅವರು. ಅದೇ ಭಯ. ಸುಮ್ಮನೆ ಕೇಳ್ತಾರೆ. ಒಳಗಿರೋದೆಲ್ಲ ತಾನಾಗಿ ಹೊರಗೆ ಬರುತ್ತೆ."

"ಮೌನ!" ಮ್ಯಾನೇಜರು ಹಣೆ ಬಡಿದುಕೊಂಡರು. "ಇಷ್ಟು ವರ್ಷ ನಾನು ಬಾಯಿ ನೋಯಿಸ್ಕೊಂಡು ಸತ್ತೆ. ಇರಿ, ಯಜಮಾನಿಯವರಿಗೆ ಹೇಳ್ತೀನಿ. ಅವರೇ ಬಂದು ನೋಡ್ಲಿ!" ಎಂದು ಹಾರುನಡೆಯಲ್ಲಿ ತಮ್ಮ ಕೋಣೆಗೆ ಹೋದರು.

ಅಷ್ಟರಲ್ಲಿ ಅಂಟಕ್ಕ ಬಾಗಿಲಲ್ಲಿ ಕಾಣಿಸಿಕೊಂಡಳು. ಗೋಡೆ ಹಿಡಿದು ನಡೆದು ಬಂದು, ಅಂಟಿನ ಮೇಜಿನ ಮುಂದೆ ಕೂತು, ಕುಂಚ ಕೈಗೆತ್ತಿಕೊಂಡಳು. ಮುಖ ಲಕೋಟೆಯ ಕಾಗದದಷ್ಟೇ ಬೆಳ್ಳಗಿತ್ತು. ಗುಂಡುಕಲ್ಲಪ್ಪನವರು ಓಡಿಹೋಗಿ ಅವಳ ಮುಂದೆ ನಿಂತು, ಬಾಗಿಲ ಕಡೆ ಕೈ ತೋರಿಸಿದರು. ಮನೆಗೆ ಹೋಗು ಎಂಬುದು ಅವರ ಅರ್ಥ.

ಅಂಟಕ್ಕನ ಕಣ್ಣಲ್ಲಿ ನೀರು ತುಂಬಿತು. "ಕೆಲಸದಿಂದ ತೆಗೀಬೇಡಿ ಸಾರ್. ಬಸ್ಸು ಸಿಗ್ಲಿಲ್ಲ, ಒಂದು ಚೂರು ತಡ ಆಯ್ತು, ಅಷ್ಟೇ."

ಅವರು ಗಾಬರಿಯಾಗಿ ಎರಡೂ ಕೈಯಿಂದ ಇಲ್ಲ ಇಲ್ಲ ಎಂದು ಸನ್ನೆ ಮಾಡಿ, ಅಂಗೈಯನ್ನು ಕೆನ್ನೆಯ ಕೆಳಗಿಟ್ಟು ತಲೆ ವಾಲಿಸಿ ಮಲಗುವಂತೆ ತೋರಿಸಿದರು.

"ನಿದ್ದೆ ಮಾಡ್ತಿದ್ದೀಯ ಅಂತಿದ್ದಾರೆ ನೋಡು," ಎಂದಳು ಪಕ್ಕದ ಹೆಂಗಸು, ಹಲ್ಲು ಕಚ್ಚಿಕೊಂಡು. "ಹೊಟ್ಟೆನೋವಲ್ಲಿ ಬಂದವಳನ್ನ ಆಡ್ಕೋತಿದ್ದಾರೆ. ಮನುಷ್ಯರಾ ಇವರು?"

ಇಡೀ ಮೇಜಿನವರು ತಲೆಯೆತ್ತಿ ಅವರನ್ನು ದುರುಗುಟ್ಟಿ ನೋಡಿದರು. ಅಂಟಕ್ಕ ಮಾತ್ರ ತಲೆಯೆತ್ತಲಿಲ್ಲ. ಮೊದಲಿಗಿಂತ ಬೇಗ ಬೇಗ ಅಂಟು ಎಳೆಯತೊಡಗಿದಳು.

ಇನ್ನು ಮಾನ ಮರ್ಯಾದೆ ನೋಡುವ ಕಾಲ ಇದಲ್ಲ ಎಂದು ಗುಂಡುಕಲ್ಲಪ್ಪನವರಿಗೆ ಹೊಳೆಯಿತು. ಹೊಳೆಯುವುದು ಸ್ವಲ್ಪ ತಡವಾಯಿತು, ನಿಜ. ಅವರು ಮ್ಯಾನೇಜರ ಕೋಣೆಗೆ ನುಗ್ಗಿದರು. ಮ್ಯಾನೇಜರು ಫೋನಿನಲ್ಲಿದ್ದರು.

"ಹೌದು ಅಮ್ಮಾ, ಒಬ್ಬರಿಗೂ ಕಾಯಿಲೆ ಇಲ್ಲ. ಇಡೀ ಕಾರ್ಖಾನೆ ಗುಣವಾಗಿದೆ. ಬನ್ನಿ, ಬನ್ನಿ, ಕಣ್ಣಾರೆ ನೋಡಿ." ಫೋನಿಟ್ಟು ಇವರನ್ನು ಕಂಡು ಬಾಯಿಗೆ ಬೆರಳಿಟ್ಟರು. "ಶ್! ನೀವು ಮಾತಾಡ್ಬೇಡಿ. ನಿಮ್ಮ ಶಕ್ತಿ ಇರೋದೇ ಅದರಲ್ಲಿ."

ಗುಂಡುಕಲ್ಲಪ್ಪನವರು ಮಫ್ಲರ್ ಕಿತ್ತು ಎಸೆದು, ಕೈಯನ್ನು ಗಂಟಲ ಮೇಲೆ ಅಡ್ಡಡ್ಡ ಎಳೆದು ತೋರಿಸಿದರು. ಸ್ವರ ಹೋಗಿದೆ, ಕತ್ತರಿಸಿ ಹೋಗಿದೆ!

ಮ್ಯಾನೇಜರು ಹೌಹಾರಿದರು. "ಕುತ್ತಿಗೆ ಕುಯ್ಯೋದೆಲ್ಲ ಬೇಡ ರೀ! ಅಷ್ಟು ಕಠಿಣ ಆಗ್ಬೇಡಿ. ಹೆದರಿಕೆ ಇದ್ರೆ ಸಾಕು. ಪಾಪ, ಅವರಿಗೂ ಹೆಂಡ್ರು ಮಕ್ಕಳಿದ್ದಾರೆ."

ಗುಂಡುಕಲ್ಲಪ್ಪನವರು ಮ್ಯಾನೇಜರ ರಟ್ಟೆ ಹಿಡಿದು ಹೊರಗೆ ಎಳೆದರು. ಒಬ್ಬರನ್ನೊಬ್ಬರು ಎಳೆದಾಡುತ್ತಾ ಇವರು ಹೊರಗೆ ಬರುವುದಕ್ಕೂ, ದೊಡ್ಡ ಬಾಗಿಲಲ್ಲಿ ಯಜಮಾನಿಯವರ ಕಾರು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಅವರ ಮನೆ ಕಾರ್ಖಾನೆಯ ಹಿಂದಿನ ಬೀದಿಯಲ್ಲೇ ಇತ್ತು. ಯಜಮಾನಿಯವರು ಬಿಳಿಗೂದಲಿನ, ಅಳೆದು ತೂಗಿ ಮಾತಾಡುವ ಹೆಂಗಸು. ಊರುಗೋಲು ಊರಿಕೊಂಡು ಒಳಗೆ ಬಂದರು. ಮ್ಯಾನೇಜರು ಅಂಗಿ ಸರಿಮಾಡಿಕೊಂಡು, "ನೋಡಿ ಅಮ್ಮಾ, ಒಂದು ಜಾಗ ಖಾಲಿ ಇದೆಯಾ ನೋಡಿ!" ಎಂದು ಕೈ ಬೀಸಿದರು.

ಅವರು ಕೈ ಬೀಸಿದ ದಿಕ್ಕಿನಲ್ಲೇ ಅಂಟಕ್ಕ ಕುರ್ಚಿಯಿಂದ ಜಾರಿ ಕೆಳಗೆ ಬಿದ್ದಳು. ಅಂಟಿನ ಡಬ್ಬಿ ಉರುಳಿತು.

ಹೆಂಗಸರು ಕಿರುಚಿದರು. ಯಂತ್ರಗಳ ಗದ್ದಲದಲ್ಲಿ ಆಚೆ ಕಡೆಯವರಿಗೆ ಏನೂ ಕೇಳಿಸಲಿಲ್ಲ. ಕತ್ತರಿ ಕತ್ತರಿಸುತ್ತಲೇ ಇತ್ತು, ಅಚ್ಚು ಹೊಡೆಯುತ್ತಲೇ ಇತ್ತು. ಗುಂಡುಕಲ್ಲಪ್ಪನವರು ಬಾಯಿ ತೆರೆದು ಕೂಗಿದರು, ಏನೂ ಬರಲಿಲ್ಲ. ಆಗ ಅವರು ಗೋಡೆಯ ಹತ್ತಿರ ಓಡಿ, ದೊಡ್ಡ ಸ್ವಿಚ್ಚಿನ ಹಿಡಿ ಹಿಡಿದು ಕೆಳಗೆ ಜಗ್ಗಿಬಿಟ್ಟರು.

ಯಂತ್ರಗಳು ಒಂದೊಂದಾಗಿ ನಿಂತವು. ಕೆಲಸದ ಹೊತ್ತಿನಲ್ಲಿ ಆ ಕಾರ್ಖಾನೆ ಅಷ್ಟು ನಿಶ್ಶಬ್ದವಾದದ್ದನ್ನು ಯಾರೂ ಕಂಡಿರಲಿಲ್ಲ. ಆ ನಿಶ್ಶಬ್ದದಲ್ಲಿ, ಹರಿದ ಕಾಗದದಂಥ ಒಂದು ಪಿಸುದನಿ ಎಲ್ಲರಿಗೂ ಕೇಳಿಸಿತು.

"ನನಗೆ ಸ್ವರ ಇಲ್ಲ. ಬೆಳಗ್ಗೆಯಿಂದ ಇಲ್ಲ. ಮಲಗು ಅಂದೆ, ಅವಳಿಗೆ ಕೇಳಿಸ್ಲಿಲ್ಲ. ಅವಳು ಹೇಳಿದ್ದೆಲ್ಲ ನಿಜ. ಕಾರು ... ಅಮ್ಮಾ, ನಿಮ್ಮ ಕಾರು ..."

ಯಜಮಾನಿಯವರು ಇನ್ನೊಂದು ಮಾತು ಕೇಳಲಿಲ್ಲ. "ಹಿಂದಿನ ಸೀಟಲ್ಲಿ ಮಲಗ್ಸಿ. ನಾನು ಮುಂದೆ ಕೂತ್ಕೋತೀನಿ," ಎಂದರು.

ಕತ್ತರಿಯಣ್ಣ ಬಂದು ಅಂಟಕ್ಕನನ್ನು ಎತ್ತಿಕೊಂಡ. ಅಪ್ಪನನ್ನು ಎತ್ತಿ ಎತ್ತಿ ಅವನಿಗೆ ಆ ಕೆಲಸ ಅಭ್ಯಾಸವಾಗಿತ್ತು. ಅವನು ಹೋಗುತ್ತಾ ಗುಂಡುಕಲ್ಲಪ್ಪನವರ ಮುಖ ನೋಡಿ, "ಹಾಗಾದ್ರೆ ನನಗೂ ನೀವು ಬಾ ಅನ್ಲಿಲ್ಲವಾ?" ಎಂದು ಕೇಳಿದ. ಅವರು ತಲೆಯಾಡಿಸಿದರು. "ಹೋಗು ಅಂದೆ." ಕತ್ತರಿಯಣ್ಣ ಅಂಟಕ್ಕನನ್ನು ಕಾರಿನಲ್ಲಿ ಮಲಗಿಸಿ, ಅಲ್ಲಿಂದಲೇ ಮನೆಯ ಕಡೆ ಓಡಿದ.

ದೊಡ್ಡಾಸ್ಪತ್ರೆಯಲ್ಲಿ ಅಪೆಂಡಿಕ್ಸ್ ಎಂದರು. ಕೂಡಲೇ ಆಪರೇಷನ್ ಆಗಬೇಕು ಎಂದು ಒಳಗೆ ಕರೆದುಕೊಂಡು ಹೋದರು. ಮೊಗಸಾಲೆಯ ಬೆಂಚಿನ ಒಂದು ತುದಿಯಲ್ಲಿ ಯಜಮಾನಿಯವರು, ಇನ್ನೊಂದು ತುದಿಯಲ್ಲಿ ಮ್ಯಾನೇಜರು, ನಡುವೆ ಗುಂಡುಕಲ್ಲಪ್ಪನವರು.

"ಇಡೀ ಕಾರ್ಖಾನೆ ಗುಣವಾಗಿದೆ ಅಂದ್ರಲ್ಲ?" ಎಂದರು ಯಜಮಾನಿಯವರು, ಎದುರಿನ ಗೋಡೆಯನ್ನು ನೋಡುತ್ತಾ. ಮ್ಯಾನೇಜರು ಜೇಬು ತಡಕಿದರು. ಪೆನ್ನು ಇರಲಿಲ್ಲ. ಉಗುರು ಕಡಿದರು.

ಅಂಟಕ್ಕನ ಗಂಡ ಬಸ್ ಕಂಡಕ್ಟರ್. ಸುದ್ದಿ ಮುಟ್ಟಿದ ಕೂಡಲೇ ಸಮವಸ್ತ್ರದಲ್ಲೇ, ಹೆಗಲಿನ ಚೀಲದ ಸಮೇತ ಬಂದ. ಎತ್ತರದ ಆಳು. ಗುಂಡುಕಲ್ಲಪ್ಪನವರ ಮುಂದೆ ಬಂದು ನಿಂತ.

"ನನ್ನ ಹೆಂಡ್ತಿ ಫೋನ್ ಮಾಡಿದ್ದಕ್ಕೆ ಬುಸ್ ಅಂದ್ರಂತೆ? ಅಂಗಡಿಯವನು ಹೇಳ್ದ. ಅಳ್ತಾ ಹೋದಳಂತೆ."

ಗುಂಡುಕಲ್ಲಪ್ಪನವರು ಎದ್ದು ನಿಂತು ಪಿಸುಗುಟ್ಟಿದರು.

"ಜೋರಾಗಿ ಹೇಳ್ರಿ!"

"ಆಗಲ್ಲ," ಎಂದು ಮ್ಯಾನೇಜರು ನಡುವೆ ಬಾಯಿ ಹಾಕಿದರು. "ಅವರಿಗೆ ಗಂಟಲು ಹೋಗಿದೆ."

ಕಂಡಕ್ಟರ್ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ಗಂಟಲು ಹೋದ ಮನುಷ್ಯ ಮನೇಲಿ ಮಲಗೋದು ಬಿಟ್ಟು ಫೋನ್ ಯಾಕೆ ಎತ್ತಿದ್ರಿ?"

ನನ್ನ ಸಾಧನೆ ಕೆಡಬಾರದು ಅಂತ, ಎಂದು ಆ ಮುಖಕ್ಕೆ ಹೇಳುವುದು ಹೇಗೆ? ಗುಂಡುಕಲ್ಲಪ್ಪನವರು ಎರಡೂ ಕೈ ಜೋಡಿಸಿ ನಿಂತರು. ಕೈ ಇಳಿಸಲಿಲ್ಲ. ಕಂಡಕ್ಟರ್ ಹೊಡೆಯುತ್ತಾನೆಂದು ಮ್ಯಾನೇಜರು ಬೆಂಚಿನ ಆಚೆಗೆ ಸರಿದರು. ಅವನು ಹೊಡೆಯಲಿಲ್ಲ. ಹೋಗಿ ಆಪರೇಷನ್ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಕ್ಕರಿಸಿದ. ಗುಂಡುಕಲ್ಲಪ್ಪನವರೂ ಹೋಗಿ ಸ್ವಲ್ಪ ದೂರದಲ್ಲಿ ನೆಲದ ಮೇಲೆಯೇ ಕೂತರು. ಗೋಡೆಯ ಗಡಿಯಾರ ನಡೆಯುತ್ತಿದೆಯೋ ನಿಂತಿದೆಯೋ ಎಂದು ಮತ್ತೆ ಮತ್ತೆ ಎದ್ದು ನೋಡಿದರು. ಬಿಳಿ ಕೋಟಿನವರು ಯಾರು ಹಾದುಹೋದರೂ ಇಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು, ಒಟ್ಟಿಗೆ ಕೂರುತ್ತಿದ್ದರು.

ಕೊನೆಗೆ ಡಾಕ್ಟರಮ್ಮ ಹೊರಗೆ ಬಂದರು. "ಆಯ್ತು. ಗಾಬರಿ ಬೇಡ. ಇನ್ನೂ ತಡ ಮಾಡಿದ್ದಿದ್ರೆ ಒಳಗೇ ಒಡೆದು ಹೋಗ್ತಿತ್ತು," ಎಂದರು. ಕಂಡಕ್ಟರ್ ಚೀಲಕ್ಕೆ ಮುಖ ಒತ್ತಿ ಅತ್ತ. ಗುಂಡುಕಲ್ಲಪ್ಪನವರು ಅಳುವುದಕ್ಕೂ ಸದ್ದಿಲ್ಲದೆ, ಬಾಯಿ ತೆರೆದುಕೊಂಡು ಸುಮ್ಮನೆ ನಿಂತಿದ್ದರು. ಡಾಕ್ಟರಮ್ಮ ಆ ತೆರೆದ ಬಾಯಿಯೊಳಗೆ ಇಣುಕಿ ನೋಡಿ, "ಇದೇನು? ಯಾರು ಇವರನ್ನ ಓಡಾಡೋಕೆ ಬಿಟ್ಟಿದ್ದು? ಒಂದು ವಾರ ಮನೇಲಿರ್ಬೇಕು, ಒಂದು ಮಾತೂ ಆಡೋ ಹಾಗಿಲ್ಲ. ಪಿಸುಗುಟ್ಟೋ ಹಾಗೂ ಇಲ್ಲ," ಎಂದು ಗದರಿದರು.

ಹೀಗೆ ಅವರ ಜೀವಮಾನದ ಮೊದಲನೆಯ ಕಾಯಿಲೆ ರಜೆ ಶುರುವಾಯಿತು. ಮನೆಗೆ ಬಂದರೆ ಅತ್ತೆ ಗಂಟುಮೂಟೆ ಕಟ್ಟಿಕೊಂಡು ಪೋಸ್ಟ್‌ಮಾಸ್ತರರ ಜಗಲಿಯಲ್ಲಿ ಕೂತಿದ್ದರು. ಗಂಟಲು ಕೆಟ್ಟಿದೆ ಎಂದರೂ ನಂಬದ ಅವರನ್ನು ಹೆಂಡತಿ ಬೆಳಗಿನಿಂದ ಕರೆದೂ ಕರೆದೂ ಸೋತಿದ್ದರು. ಪೋಸ್ಟ್‌ಮಾಸ್ತರರು ರಾಜಿ ಮಾಡಿಸಲು ಎದ್ದು ಬಂದರು. "ನೋಡಿ ಸ್ವಾಮಿ, ಎಷ್ಟಾದ್ರೂ ಹಿರಿಯರು, ಒಂದು ಮಾತು 'ಬನ್ನಿ' ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?" ಗುಂಡುಕಲ್ಲಪ್ಪನವರು ಮಾತಿಲ್ಲದೆ ಅತ್ತೆಯ ಗಂಟನ್ನು ಹೆಗಲಿಗೇರಿಸಿಕೊಂಡು ಒಳಗೆ ನಡೆದರು. ಹೆಂಡತಿ ಡಾಕ್ಟರಮ್ಮನ ಅಪ್ಪಣೆಯನ್ನು ಚೀಟಿಯಲ್ಲಿ ಓದಿ ವಿವರಿಸಿದ ಮೇಲೆ ಅತ್ತೆಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎದುರು ಮಾತಾಡದ ಅಳಿಯ, ಅದೂ ಒಂದು ವಾರ! ತಮ್ಮ ಮದುವೆಯ ಕಾಲದಿಂದ ಹಿಡಿದು ಎಲ್ಲ ಕಥೆಯನ್ನೂ ಅವರು ಹೇಳಿದರು. ಗುಂಡುಕಲ್ಲಪ್ಪನವರು ಪೂರ್ತಿ ಕೇಳಿದರು. ಬೇರೆ ದಾರಿ ಇರಲಿಲ್ಲ.

ಅವರು ಮಲಗಿದ್ದಾಗಲೇ ಕಾರ್ಖಾನೆಯ ಊಟದ ಕೋಣೆಯಲ್ಲಿ ಯಜಮಾನಿಯವರು ಎಲ್ಲರನ್ನೂ ಸೇರಿಸಿದರಂತೆ. "ಎಲ್ಲರಿಗೂ ಒಂದೇ ನ್ಯಾಯ ಅಂತ ನಾನು ಅಂದಿದ್ದು ನಿಜ. ಎಲ್ಲರನ್ನೂ ಒಂದೇ ಥರ ಅನುಮಾನಿಸಿ ಅಂತ ಅಲ್ಲ," ಎಂದರಂತೆ. ಕತ್ತರಿಯಣ್ಣ ಸೋಮವಾರ ಅಪ್ಪನನ್ನು ಮನೆಗೆ ಬಿಟ್ಟು ಮಧ್ಯಾಹ್ನ ಬರಲಿ, ಬಾಕಿ ಕೆಲಸ ಬೇರೆ ದಿನ ತೂಗಿಸಲಿ ಎಂದಾಯಿತು. ಕಾಯಿಲೆ ಹೌದೋ ಅಲ್ಲವೋ ಎಂದು ಹೇಳುವುದು ಡಾಕ್ಟರ ಕೆಲಸ, ಫೋನು ಎತ್ತಿದವರ ಕೆಲಸವಲ್ಲ ಎಂದೂ ಆಯಿತು. ಪ್ಯಾಕಿಂಗಿನವನು ಎದ್ದು ನಿಂತು ತನ್ನ ವಿಷಯ ಕೇಳಿದನಂತೆ. "ಮೀನಿಗೆ ರಜೆ ಬೇಕಾದ್ರೆ ಮೀನಿಗೇ ಅಂತ ಮೊದಲೇ ಕೇಳು. ಹೊಟ್ಟೆ ಮೇಲೆ ಹಾಕ್ಬೇಡ," ಎಂದು ಯಜಮಾನಿಯವರು ಅವನನ್ನು ಕೂರಿಸಿದರಂತೆ.

ಅಂಟಕ್ಕ ಚೇತರಿಸಿಕೊಂಡು ಕೆಲಸಕ್ಕೆ ಬಂದ ದಿನ ಗುಂಡುಕಲ್ಲಪ್ಪನವರು ಬೆಳಗಿನಿಂದಲೇ ಬೆವರುತ್ತಿದ್ದರು. ಸ್ವರ ಮರಳಿ ಬಂದಿತ್ತು. ಹೇಳಬೇಕಾದ್ದನ್ನು ಬಚ್ಚಲಲ್ಲಿ, ದಾರಿಯಲ್ಲಿ ಅಭ್ಯಾಸ ಮಾಡಿದ್ದರು. ಅವಳು ಮೇಜಿನ ಮುಂದೆ ಬಂದು ನಿಂತಾಗ ಎಲ್ಲ ಮರೆತುಹೋಯಿತು.

"ಕೂತ್ಕೊಳ್ಳಮ್ಮ. ಒಂದಷ್ಟು ದಿನ ಅರ್ಧ ಹೊತ್ತು ಬಂದ್ರೆ ಸಾಕು. ಭಾರ ಎತ್ಬೇಡ. ನೋವು ಬಂದ್ರೆ ಎದ್ದು ಹೋಗು, ಕೇಳೋದೂ ಬೇಡ." ಆಮೇಲೆ ತಡವರಿಸಿ, "ತಪ್ಪು ನಂದು. ಏನು ಮಾಡ್ಲಿ ಹೇಳು," ಎಂದರು.

ಅಂಟಕ್ಕ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಯೋಚಿಸಿದಳು.

"ಒಂದೇ ಒಂದು ಕೆಲಸ ಮಾಡಿ ಸಾರ್. ಇನ್ನು ಮೇಲೆ ಈ ಫೋನ್ ನೀವು ಎತ್ಬೇಡಿ. ನಿಮಗೆ ಸ್ವರ ಇದ್ರೂ ನಮಗೆ ಹೆದರಿಕೆನೇ."

ಗುಂಡುಕಲ್ಲಪ್ಪನವರು ಅವಳನ್ನು ನೋಡಿದರು, ಫೋನನ್ನು ನೋಡಿದರು. ಆಮೇಲೆ ಎದ್ದು, ಫೋನನ್ನು ತಂತಿಯ ಸಮೇತ ಎತ್ತಿಕೊಂಡು 'ಎಲ್ಲಿಡಲಿ' ಎಂಬಂತೆ ನಿಂತರು. ತಂತಿ ಅಂಟಿನ ಮೇಜಿನ ಅಂಚಿನವರೆಗೆ ಮಾತ್ರ ಬರುತ್ತಿತ್ತು. ಅಲ್ಲೇ ಇಟ್ಟರು. ಬೆಳಗಿನ ಫೋನುಗಳನ್ನು ಎತ್ತುವ ಕೆಲಸ ಹಾಗೆ ಅಂಟಕ್ಕನ ಪಾಲಿಗೆ ಬಂತು. ಫೋನಿನ ಹೊತ್ತಿನಲ್ಲಿ ಅಚ್ಚಿನ ಯಂತ್ರ ನಿಲ್ಲಿಸಬೇಕು ಎಂದು ಅವಳು ಹಟ ಹಿಡಿದು ಮ್ಯಾನೇಜರಿಂದ ಒಪ್ಪಿಗೆ ಪಡೆದಳು. ಕರೆ ಬಂದರೆ ಅವಳು ಮೊದಲು ಕೇಳುತ್ತಿದ್ದದ್ದು, "ಮನೇಲಿ ಜೊತೆಗೆ ಯಾರಿದ್ದಾರೆ?" ಎಂದು. ಕಾಯಿಲೆಯ ವಿಚಾರ ಆಮೇಲೆ. ಲಕೋಟೆ ಆರ್ಡರ್ ಸ್ವಲ್ಪ ತಡವಾಗಿಯಾದರೂ ಮುಗಿಯಿತು. ಬ್ಯಾಂಕಿನವರು ಎರಡು ಮಾತು ಬೈದು ಲಕೋಟೆ ತೆಗೆದುಕೊಂಡು ಹೋದರು.

ಮಳೆಗಾಲ ಬಂತು. ಒಂದು ಬೆಳಿಗ್ಗೆ ಗುಂಡುಕಲ್ಲಪ್ಪನವರು ಎದ್ದಾಗ ಮೈ ಕಾದ ಹೆಂಚಿನಂತಿತ್ತು. ಸೆಕೆ ಎನ್ನಲು ಹೊರಟರು. ಹೊರಗೆ ಮಳೆ ಸುರಿಯುತ್ತಿತ್ತು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಿಗೆ ಅಡ್ಡ ನಿಂತಿದ್ದರು. ಗುಂಡುಕಲ್ಲಪ್ಪನವರು ಕಾರ್ಖಾನೆಗೆ ಫೋನ್ ಮಾಡಿದರು. ಜ್ವರಕ್ಕಿಂತ ಹೆಚ್ಚು ಹೆದರಿಕೆ ಫೋನಿನದು.

"ಹಲೋ, ನಾನಮ್ಮ. ಸ್ವಲ್ಪ ಮೈ ಬಿಸಿ ಅಷ್ಟೇ. ಜ್ವರ ಅಂತ ಏನಲ್ಲ. ಬರೋಕಾಗಲ್ಲ ಅಂತಲ್ಲ, ಬರ್ಬಹುದು. ಮಧ್ಯಾಹ್ನ ನೋಡ್ಕೊಂಡು ... ನಿನಗೆ ಸುಳ್ಳು ಅನ್ಸಿದ್ರೆ ಈಗ್ಲೇ ಬರ್ತೀನಿ."

ಆ ತುದಿಯಲ್ಲಿ ಸದ್ದಿಲ್ಲ. ಅಂಟಕ್ಕ ಬಾಯಲ್ಲಿದ್ದ ಚಹಾ ನುಂಗುತ್ತಿದ್ದಳು, ಅಷ್ಟೇ.

"ಹೊದ್ಕೊಂಡು ಮಲಗಿ ಸಾರ್," ಎಂದಳು. "ಮಾತು ಜಾಸ್ತಿ ಆಯ್ತು."